ಹೊಸದಾಗಿ ಬಂದ ಹಟ ಹುಟ್ಟುಗುಣವಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 47 ವರ್ಷ, ಡೌನ್ ಸಿಂಡ್ರೋಮ್ ಇದೆ. ತಾನೇ ಸ್ನಾನ ಮಾಡಿ, ಬೀದಿ ತುದಿಯ ಅಂಗಡಿಯಿಂದ ಹಾಲು ತರುತ್ತಿದ್ದವನು ಎಂಟು ತಿಂಗಳಿಂದ ಬಚ್ಚಲುಮನೆಯ ಬಾಗಿಲಲ್ಲೇ ನಿಂತುಬಿಡುತ್ತಾನೆ, ಕರೆದರೆ ಸಿಡುಕುತ್ತಾನೆ. ವೈದ್ಯರು ‘ಇಂಥವರು ಇರುವುದೇ ಹೀಗೆ’ ಎಂದರು. ಇದು ಹಟವೋ, ಮರೆವಿನ ಕಾಯಿಲೆಯೋ? (ಓದುಗರು, ಹಾಸನ)

ಉತ್ತರ: ‘ಇಂಥವರು ಇರುವುದೇ ಹೀಗೆ’ ಎಂಬ ಮಾತನ್ನು ಪತ್ರಗಳಲ್ಲಿ ಓದಿ ಓದಿ ಬೇಸತ್ತಿದ್ದೇನೆ. ನಿಮ್ಮ ತಮ್ಮ ಇಷ್ಟು ವರ್ಷ ಹೀಗಿರಲಿಲ್ಲ; ಎಂಟು ತಿಂಗಳ ಹಿಂದೆ ಶುರುವಾದದ್ದಕ್ಕೆ ಹುಟ್ಟಿನಿಂದ ಇರುವ ಸ್ಥಿತಿಯನ್ನು ಹೊಣೆ ಮಾಡುವುದು ರೋಗನಿರ್ಣಯವಲ್ಲ, ಸೋಮಾರಿತನ.

ಅರವತ್ತಕ್ಕೆ ಅರಳು ಮರಳು ಎನ್ನುವ ಲೆಕ್ಕ ಇವರಿಗೆ ಹೊಂದುವುದಿಲ್ಲ. ಮರೆವಿನ ಕಾಯಿಲೆಯಾದ ಅಲ್ಜೈಮರ್‌ನಲ್ಲಿ ಮೆದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಪ್ರೋಟೀನಿಗೆ ಮೂಲವಾದ ಜೀನ್ ಇರುವುದು 21ನೇ ವರ್ಣತಂತುವಿನಲ್ಲಿ. ಆ ವರ್ಣತಂತುವಿನ ಮೂರು ಪ್ರತಿಗಳೊಂದಿಗೆ ಹುಟ್ಟಿದವರಲ್ಲಿ, ಅಂದರೆ ಡೌನ್ ಸಿಂಡ್ರೋಮ್ ಇರುವವರಲ್ಲಿ, ಬಹುತೇಕ ಎಲ್ಲರ ಮೆದುಳಿನಲ್ಲೂ 40ರ ಹೊತ್ತಿಗೆ ಅಲ್ಜೈಮರ್‌ನ ಗುರುತುಗಳಿರುತ್ತವೆ, ಲಕ್ಷಣಗಳು ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿ ಹೊರಬೀಳುತ್ತವೆ. ಅನೇಕರಲ್ಲಿ ಮೊದಲು ಕಾಣುವುದು ಮರೆವಲ್ಲ, ಸಿಡುಕು, ನಿರಾಸಕ್ತಿ ಮತ್ತು ನೀವು ಹಟ ಎನ್ನುತ್ತಿರುವುದು. ಆದ್ದರಿಂದ ನಿಮ್ಮ ಅನುಮಾನಕ್ಕೆ ಆಧಾರವಿದೆ.

ಆದರೂ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಎಂದು ಚೀಟಿಯಲ್ಲಿ ಬರೆಯುವ ಮೊದಲು ನಾನು ಬಹಳ ಹಿಂಜರಿಯುತ್ತೇನೆ, ಏಕೆಂದರೆ ಒಮ್ಮೆ ಬರೆದರೆ ಮುಂದೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿ. ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ, ಕಣ್ಣಿಗೆ ಪೊರೆ ಬಂದಿದೆಯೇ ತೋರಿಸಿ. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಒಂದು ರಾತ್ರಿ ಕುಳಿತು ಗಮನಿಸಿ. ನಡಿಗೆ ತೊಡರುತ್ತಿದ್ದರೆ ಅಥವಾ ಮೂತ್ರ ತಡೆಯಲಾಗದಿದ್ದರೆ ಕತ್ತಿನ ಮೂಳೆಗಳು ಬೆನ್ನುಹುರಿಯನ್ನು ಒತ್ತುತ್ತಿರಬಹುದು, ಅದಕ್ಕೆ ತಡ ಮಾಡಬೇಡಿ. ಬಚ್ಚಲ ಬಾಗಿಲಲ್ಲಿ ನಿಲ್ಲುವುದಕ್ಕೆ ಹೊಳೆಯುವ ಟೈಲ್ಸ್ ನೀರಿನಂತೆ, ಕಪ್ಪು ಕಾಲೊರಸು ಗುಂಡಿಯಂತೆ ಕಾಣುವುದೂ ಕಾರಣವಿರಬಹುದು. ಕಾಲೊರಸನ್ನು ತೆಗೆದು ನೋಡುವುದಕ್ಕೆ ಯಾರ ಚೀಟಿಯೂ ಬೇಕಿಲ್ಲ.

ನೂರರಿಂದ ಏಳೇಳು ಕಳೆಯಿರಿ ಎನ್ನುವ ಪರೀಕ್ಷೆ ಎಂದೂ ಲೆಕ್ಕ ಕಲಿಯದವರಿಗೆ ವ್ಯರ್ಥ. ಅವರನ್ನು ಹೋಲಿಸಬೇಕಾದ್ದು ಅವರ ಜೊತೆಗೇ: ಎರಡು ವರ್ಷದ ಹಿಂದೆ ಏನೇನು ತಾವಾಗಿ ಮಾಡುತ್ತಿದ್ದರು ಎಂದು ಬರೆದು, ಮನೆಯ ಹಳೆಯ ಮದುವೆ ವಿಡಿಯೋ ಇದ್ದರೆ ಅದನ್ನೂ ಹಿಡಿದು ವೈದ್ಯರ ಬಳಿಗೆ ಹೋಗಿ. ಮನೆಯಲ್ಲಿ 35 ದಾಟಿದ ಇಂಥ ಸದಸ್ಯರಿರುವ ಉಳಿದ ಓದುಗರು ಈ ಪಟ್ಟಿಯನ್ನು ವರ್ಷಕ್ಕೊಮ್ಮೆ ಈಗಿನಿಂದಲೇ ಬರೆದಿಡಲಿ.

ಕಾಯಿಲೆ ಖಚಿತವಾದರೆ, ತಿಂಗಳಿಗೊಂದು ಮನೆಯಂತೆ ಅಣ್ಣತಮ್ಮಂದಿರ ನಡುವೆ ಅವರನ್ನು ಸುತ್ತಾಡಿಸಬೇಡಿ. ಅದೇ ಕೋಣೆ, ಅದೇ ಲೋಟ, ಅದೇ ಹೊತ್ತು ಅವರನ್ನು ಮಾತ್ರೆಗಿಂತ ಹೆಚ್ಚು ಕಾಪಾಡುತ್ತವೆ. ಮರೆವಿನ ಕಾಯಿಲೆಗೆ ಕೊಡುವ ಮೆಮಂಟಿನ್ ಮಾತ್ರೆಯಿಂದ ಡೌನ್ ಸಿಂಡ್ರೋಮ್ ಇರುವವರಿಗೆ ಪ್ರಯೋಜನ ಕಾಣಲಿಲ್ಲವೆಂದು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆ ಹೇಳಿತು. ಅದೇ ಕಾಯಿಲೆಯ ಇನ್ನೊಂದು ಮಾತ್ರೆ ಡೊನೆಪೆಜಿಲ್ ಕೊಡುವುದಿದ್ದರೆ ಮೊದಲು ಇಸಿಜಿ ಆಗಲಿ. ಬೆಳಿಗ್ಗೆ ಎದ್ದಾಗ ಕೈಕಾಲು ಥಟ್ಟನೆ ಅದುರಿದರೆ ಅದು ಹೊಸ ಅಪಸ್ಮಾರವಿರಬಹುದು, ಕುಡಿಯುವಾಗ ಕೆಮ್ಮಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಇವೆರಡಕ್ಕೂ ‘ನೋಡೋಣ’ ಎನ್ನುವ ವೈದ್ಯರನ್ನು ಬಿಟ್ಟು ಬೇರೆಯವರನ್ನು ನೋಡಿ.

ಪ್ರಶ್ನೆ: ನೆನಪಿನ ಶಕ್ತಿಯ ಪುಡಿ, ಸ್ಟೆಮ್ ಸೆಲ್ ಇಂಜೆಕ್ಷನ್?
ಉತ್ತರ: ಪುಡಿಯವರು ಹಣ ತೆಗೆದುಕೊಳ್ಳುತ್ತಾರೆ, ಇಂಜೆಕ್ಷನ್‌ನವರು ನಿವೇಶನವನ್ನೇ ಮಾರಿಸುತ್ತಾರೆ. ಎರಡೂ ಬೇಡ.

ಪ್ರಶ್ನೆ: ನಮ್ಮ ನಂತರ ಮಗನಿಗೆ ಪೋಷಕರು ಯಾರು?
ಉತ್ತರ: 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾ ಸ್ಥಳೀಯ ಸಮಿತಿಯಲ್ಲಿ ಪೋಷಕರ ನೇಮಕಕ್ಕೆ ಅರ್ಜಿ ಹಾಕಬಹುದು, ನೀವು ಆರೋಗ್ಯವಾಗಿರುವಾಗಲೇ ಹಾಕಿ.

ಪ್ರಶ್ನೆ: ತಂದೆ ತೀರಿಕೊಂಡದ್ದನ್ನು ಅಣ್ಣನಿಗೆ ಹೇಳಿಲ್ಲ. ಅವನು ಮಂಕಾಗಿದ್ದಾನೆ.
ಉತ್ತರ: ಸರಳ ಮಾತಿನಲ್ಲಿ ಹೇಳಿ. ‘ಊರಿಗೆ ಹೋಗಿದ್ದಾರೆ’ ಎಂದರೆ ನಿಮ್ಮ ಅಣ್ಣ ಬಾಗಿಲು ಕಾಯುತ್ತಾ ಕೂರುತ್ತಾರೆ, ಮತ್ತು ಆ ಕಾಯುವಿಕೆಯನ್ನೇ ಡಿಮೆನ್ಷಿಯಾ ಎಂದು ಬರೆದ ಚೀಟಿಗಳನ್ನು ನಾನು ನೋಡಿದ್ದೇನೆ.