ನ್ಯುಮೋನಿಯಾಕ್ಕೆ ಎರಡೆರಡು ಆಂಟಿಬಯಾಟಿಕ್ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ನ್ಯುಮೋನಿಯಾ ಎಂದು ವಾರ್ಡಿಗೆ ಸೇರಿಸಿಕೊಂಡು ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್ ಎರಡನ್ನೂ ಶುರು ಮಾಡಿದರು. ಮೂರು ದಿನ ಆದಮೇಲೆ ಎರಡನೆಯದನ್ನು ನಿಲ್ಲಿಸಿದರು. ಅಮೆರಿಕದಲ್ಲಿರುವ ತಮ್ಮ, ‘ಅಲ್ಲಿ ಸರಿಯಾದ ಆಂಟಿಬಯಾಟಿಕ್ ಕೊಟ್ಟರೋ ಇಲ್ಲವೋ ಅಂತ ಆಸ್ಪತ್ರೆಗಳನ್ನೇ ಅಳೆಯುತ್ತಿದ್ದರು’ ಅನ್ನುತ್ತಾನೆ. ಇಲ್ಲಿ ನಾವು ಏನನ್ನು ನೋಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ತಂದೆಯವರಿಗೆ ಕೊಟ್ಟಿದ್ದು ಸರಿಯಾದ ಜೋಡಿಯೇ. ಸೆಫ್ಟ್ರಿಯಾಕ್ಸೋನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವುದನ್ನು ತಡೆಯುತ್ತದೆ. ನ್ಯುಮೋನಿಯಾ ತರುವ ಮುಖ್ಯ ಬ್ಯಾಕ್ಟೀರಿಯಾ ನ್ಯುಮೊಕಾಕಸ್ ಸಾಯುವುದು ಹಾಗೆ. ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ, ಕೆಡವುವುದೇನನ್ನು? ಅದಕ್ಕೇ ಅಜಿತ್ರೊಮೈಸಿನ್ 500 ಮಿ.ಗ್ರಾಂ. ಇದು ಶ್ವಾಸಕೋಶದಲ್ಲಿ ಬಹಳ ದಿನ ಉಳಿಯುವುದರಿಂದ ಸಾಮಾನ್ಯವಾಗಿ ಮೂರು ದಿನ ಸಾಕು. ಈ ಎರಡರ ಬದಲು ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ 750 ಮಿ.ಗ್ರಾಂ. ಒಂದೇ ಕೊಡುವ ದಾರಿ ಅಮೆರಿಕದ ಮಾರ್ಗಸೂಚಿಯಲ್ಲಿದೆ. ನಮ್ಮಲ್ಲಿ ಹಿಂಜರಿಯುತ್ತಾರೆ: ಕ್ಷಯ ಇದ್ದರೆ ಈ ಔಷಧಿಗೆ ಅದು ಅರೆಬರೆ ತಗ್ಗಿ, ಪತ್ತೆಯಾಗುವುದು ತಡವಾಗುತ್ತದೆ.

ನಿಮ್ಮ ತಮ್ಮ ಹೇಳಿದ್ದು ನಿಜ. ಆದರೆ ಅದೇ ಅಳತೆಗೋಲಿನ ಪಟ್ಟಿಯಲ್ಲಿ ಮೊದಲ ಡೋಸ್ 4 ಗಂಟೆಯೊಳಗೆ ಬೀಳಬೇಕು ಎಂಬುದೂ ಇತ್ತು. ಗಡಿಯಾರದ ಒತ್ತಡಕ್ಕೆ, ಹೃದಯ ಸೋತು ಉಬ್ಬಸ ಬಂದವರಿಗೂ ಆಂಟಿಬಯಾಟಿಕ್ ಏರಿಸತೊಡಗಿದರು. ಆಮೇಲೆ 6 ಗಂಟೆ ಮಾಡಿದರು, ಕೊನೆಗೆ ಕೈಬಿಟ್ಟರು.

ಇಲ್ಲಿ ಕೇಸ್ ಶೀಟ್ ನೋಡಲು ಸಿಕ್ಕರೆ ಎರಡು ಸಮಯ ಹುಡುಕಿ: ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ರಕ್ತ ತೆಗೆದದ್ದು, ಮೊದಲ ಡೋಸ್ ಕೊಟ್ಟದ್ದು. ಎಲ್ಲರಿಗೂ ಕಲ್ಚರ್ ಬೇಕಿಲ್ಲ; ಕಾಯಿಲೆ ಜೋರಾಗಿದ್ದರೆ ಬೇಕೇ ಬೇಕು, ಅದೂ ಡೋಸ್‌ಗೆ ಮುಂಚೆ. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ, ಎರಡು ಕಡೆ ಚುಚ್ಚಿ ತೆಗೆಯಬೇಕು. 2–3 ಮಿ.ಲೀ. ಹಾಕಿ ಕಳಿಸಿದರೆ ರೋಗಾಣು ಇದ್ದರೂ ‘ಬೆಳೆದಿಲ್ಲ’ ಎಂದೇ ವರದಿ ಬರಬಹುದು.

48ರಿಂದ 72 ಗಂಟೆಗೆ ಔಷಧಿಯನ್ನು ಮತ್ತೆ ನೋಡಿ ಬರೆದಿದ್ದಾರೆಯೇ? ಜ್ವರ ಇಳಿದು, ಉಸಿರು ಹದಕ್ಕೆ ಬಂದು, ಊಟ ಸೇರುತ್ತಿದ್ದರೆ ಇಂಜೆಕ್ಷನ್ ಬಿಟ್ಟು ಮಾತ್ರೆಗೆ ಬರಬಹುದು. ಚೇತರಿಕೆ ಸರಿಯಾಗಿದ್ದರೆ ಬಹಳ ಜನಕ್ಕೆ ಒಟ್ಟು 5 ದಿನ ಸಾಕು.

ಸಾಧಾರಣ ನ್ಯುಮೋನಿಯಾಕ್ಕೆ ಮೊದಲ ದಿನವೇ ಮೆರೊಪೆನೆಮ್ (ಸಾಮಾನ್ಯ ಔಷಧಿಗೆ ಬಗ್ಗದ ರೋಗಾಣುಗಳಿಗೆಂದು ಕಾದಿಡುವ ಪ್ರಬಲ ಆಂಟಿಬಯಾಟಿಕ್) ಏರಿಸಿದರೆ ಮಾತ್ರ ಕಾರಣ ಕೇಳಿ. ಹಿಂದೆ ಕಫದಲ್ಲಿ ಹಟಮಾರಿ ರೋಗಾಣು ಬೆಳೆದಿತ್ತು, ಅಥವಾ ಕಳೆದ 90 ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದು ಆಂಟಿಬಯಾಟಿಕ್ ಇಂಜೆಕ್ಷನ್ ಪಡೆದಿದ್ದರು ಎಂದರೆ ಅದು ಒಪ್ಪುವ ಮಾತು. ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಆಂಟಿಬಯಾಟಿಕ್ ಕೊಡಲಾಯಿತು’ ಎಂದಷ್ಟೇ ಇದ್ದರೆ ಹೆಸರು, ಡೋಸ್, ತಾರೀಖು ಬರೆಸಿಕೊಳ್ಳಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಬೇಕಾಗುವುದು ಅದೇ.