ದೀಪ ಹಚ್ಚುವವರು ಯಾರು?

ಮಂಡ್ಯದ ಬರಹಗಾರ್ತಿಗೆ,

'ಹೊಳೆಯುವ ಬ್ಯಾಕ್ಟೀರಿಯ, ಬಯಲಾಗುವ ಚರ್ಮದ ಕ್ಯಾನ್ಸರ್' ಲೇಖನ ತಲುಪಿತು. ವಿಷಯ ಹೊಸದು, ಭಾಷೆ ಶುದ್ಧ, ಅಕ್ಷರ ದುಂಡಗೆ. ಇನ್ನು ಜಗಳಕ್ಕೆ ಬರುತ್ತೇನೆ.

"ಮಾರ್ಪಡಿಸಿದ ಬ್ಯಾಕ್ಟೀರಿಯ ಮಿಂಚುಹುಳದಂತೆ ಕತ್ತಲಲ್ಲಿ ತಾನೇ ಬೆಳಗುತ್ತದೆ" ಎಂದಿದ್ದೀರಿ. ಅದರ ಹೊಳಪಿಗೆ ಕಾರಣವಾದ ಹಸಿರು ಪ್ರತಿದೀಪ್ತಿ ಪ್ರೋಟೀನನ್ನು ವಿಜ್ಞಾನಿ ಶಿಮೊಮುರ 1962ರಲ್ಲಿ ಜೆಲ್ಲಿ ಮೀನಿನಿಂದ ಬೇರ್ಪಡಿಸಿದ್ದು, 1994ರಲ್ಲಿ ಚಾಲ್ಫಿ ಅದರ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿದ್ದು, ಇದಕ್ಕೆ ಸಂದ 2008ರ ನೊಬೆಲ್, ಎಲ್ಲವನ್ನೂ ಓದಿಕೊಂಡ ನೀವು ಮಿಂಚುಹುಳವನ್ನೇಕೆ ಕರೆತಂದಿರಿ? ಅದು ತನ್ನ ಬೆಳಕನ್ನು ಹೊಟ್ಟೆಯೊಳಗಿನ ರಾಸಾಯನಿಕಗಳಿಂದ ತಾನೇ ಮಾಡಿಕೊಳ್ಳುತ್ತದೆ. ಈ ಪ್ರೋಟೀನಿನ ಮೇಲೆ ನೀಲಿ ಬೆಳಕು ಬಿದ್ದರಷ್ಟೇ ಹಸಿರು. ದೀಪ ಆರಿಸಿದರೆ ಅದೂ ಆರುತ್ತದೆ. ಬ್ಯಾಂಕಿನವರು ನೋಟನ್ನು ನೇರಳೆ ದೀಪದಡಿ ಹಿಡಿದಾಗ ಅಂಕಿಗಳು ಮಿನುಗುವುದನ್ನು ನೋಡಿಲ್ಲವೇ? ಹೋಲಿಕೆ ಅಲ್ಲೇ ಕೈಗೆ ಸಿಗುವಂತಿತ್ತು.

ಮುಂದೆ, "ಬ್ಯಾಕ್ಟೀರಿಯದಿಂದ ಕ್ಯಾನ್ಸರನ್ನು ಪತ್ತೆ ಹಚ್ಚಲಾಗುತ್ತದೆ." ಈ 'ಲಾಗುತ್ತದೆ' ಲೇಖನದಲ್ಲಿ ಹದಿನಾಲ್ಕು ಸಲ ಇದೆ; ಪೆನ್ಸಿಲ್ ಹಿಡಿದು ಎಣಿಸಿದೆ. ಹಚ್ಚುವವರು ಯಾರು? ಕ್ಯಾನ್ಸರ್ ಎಂದರೇನೆಂದು ಬ್ಯಾಕ್ಟೀರಿಯಕ್ಕೆ ಗೊತ್ತಿಲ್ಲ. ಗಡ್ಡೆಯ ಬಳಿ ಹೆಚ್ಚುವ ಲ್ಯಾಕ್ಟೇಟಿನಂಥ ವಸ್ತು ಅದಕ್ಕೆ ತಾಗಿದರೆ ಜೋಡಿಸಿಟ್ಟ ಜೀನ್ ಎಚ್ಚರಗೊಂಡು ಪ್ರೋಟೀನ್ ತಯಾರಿಸುತ್ತದೆ. ದೀಪ ಹಿಡಿದು ನೋಡುವವರು ಮನುಷ್ಯರು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವವರು ಚೂರು ಚರ್ಮ ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ವೈದ್ಯರು. ಇಷ್ಟು ಜನರ ಕೆಲಸವನ್ನು ನಿಮ್ಮ ಒಂದೇ ಕ್ರಿಯಾಪದ ನುಂಗಿ ಕುಳಿತಿದೆ.

ಸಿಟ್ಟಿಗೆ ಹಳೆಯ ಕಾರಣವಿದೆ. ಮೈಸೂರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದ ಹೊಸತರಲ್ಲಿ "ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡಲಾಯಿತು" ಎಂದು ಬರೆದುಕೊಟ್ಟೆ. ಹಿರಿಯರೊಬ್ಬರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ತೂಬು ತೆರೆದವನು ಯಾರು? ಕೇಳಿಕೊಂಡು ಬಾರಪ್ಪ." ಕೆ.ಆರ್.ಎಸ್. ಬಸ್ಸು ಹತ್ತಿದೆ. ಸಂಜೆ ಹೆಸರು ಹಿಡಿದು ಬಂದರೆ ಸುದ್ದಿ ಆಗಲೇ ಅಚ್ಚಾಗಿತ್ತು, ನನ್ನ ಅದೇ ವಾಕ್ಯದಲ್ಲಿ! ಅವರು ಕಾಫಿ ಕೊಡಿಸಿದರು, ಬೇರೇನೂ ಹೇಳಲಿಲ್ಲ.

ನಿಮ್ಮ ಹಾಳೆಗಳ ಅಂಚಿನಲ್ಲಿ ಹದಿನಾಲ್ಕು ಕಡೆ 'ಯಾರು?' ಎಂದು ಗೀಚಿ ಹಿಂದಿರುಗಿಸಿದ್ದೇನೆ. ಲೇಖನದ ಆರಂಭದಲ್ಲಿ ಕಡಲತೀರದಲ್ಲಿ ಬಿಸಿಲು ಕಾಯಿಸುತ್ತಿದ್ದ ಬಿಳಿಯರನ್ನು ನಾನೇ ಹೊಡೆದುಹಾಕಿದೆ. ನಮ್ಮಂಥ ಕಪ್ಪು ಮೈಯವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಕಬ್ಬಿನ ಗದ್ದೆಯಲ್ಲಿ ಮುಳ್ಳು ಚುಚ್ಚಿದ ಕಲೆಯೆಂದು ಅದನ್ನು ಕಡೆಗಣಿಸಬಲ್ಲ ನಿಮ್ಮೂರಿನವರಿಂದಲೇ ಲೇಖನ ಶುರುಮಾಡಿ. ತಿಂಗಳೊಳಗೆ ಕಳುಹಿಸಿದರೆ ಜಾಗ ಇಟ್ಟಿರುತ್ತೇನೆ.