ಆನ್‌ಲೈನ್‌ನಲ್ಲಿ ಮಾರಿದ ಟಿಕೆಟ್ ಹಣಕ್ಕೂ ಬ್ಯಾಂಕಿಗೆ ಬಂದ ಹಣಕ್ಕೂ ತಾಳೆಯಾಗುತ್ತಿಲ್ಲ. ನಿಜವಾಗಿ ಕಡಿದ ಶುಲ್ಕ ಎಷ್ಟೆಂದು ತಿಳಿಯುವುದು ಹೇಗೆ?

ಒಟ್ಟು ಮಾರಾಟಕ್ಕೆ ಶೇ. 2 ಎಂದು ಅಂದಾಜು ಹಾಕುವುದನ್ನು ಬಿಡಿ. ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಹಣ ಪಡೆದು ನಿಮ್ಮ ಬ್ಯಾಂಕಿಗೆ ಕಳಿಸುವ ಸಂಸ್ಥೆ) ಕೊಡುವ ಸೆಟಲ್‌ಮೆಂಟ್ ವರದಿ, ಅಂದರೆ ಯಾವ ಪಾವತಿಯಲ್ಲಿ ಎಷ್ಟು ಕಡಿದು ಎಷ್ಟು ಜಮೆ ಮಾಡಿದರು ಎಂಬ ಪಟ್ಟಿ, ಇಳಿಸಿಕೊಂಡು, ಪ್ರತಿ ಟಿಕೆಟ್‌ನ ಪಾವತಿ ಸಂಖ್ಯೆಯ ಎದುರು ಅದರಲ್ಲಿರುವ ಶುಲ್ಕವನ್ನೇ ಬರೆದುಕೊಳ್ಳಿ.

ಮಂಗಳೂರು ಪುರಭವನದ ಯಕ್ಷಗಾನಕ್ಕೆ ಟಿಕೆಟ್ ಎಲ್ಲರಿಗೂ 500 ರೂಪಾಯಿಯೇ ಇರಬಹುದು. ಶುಲ್ಕ ಮಾತ್ರ ಪ್ರೇಕ್ಷಕರು ಯಾವುದರಲ್ಲಿ ಹಣ ಕಟ್ಟಿದರು ಎಂಬುದರ ಮೇಲೆ ನಿಂತಿದೆ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರಿಂದ ಎಂಡಿಆರ್, ಅಂದರೆ ಮಾರುವವರಿಂದ ಬ್ಯಾಂಕ್ ಕಡಿಯುವ ಪಾಲು, ಶೂನ್ಯ. (ಗೇಟ್‌ವೇ ತನ್ನ ಸೇವಾ ಶುಲ್ಕ ಹಾಕಬಹುದು, ಅದು ಬೇರೆ.) ದುಬೈಯಲ್ಲಿರುವ ಮಗ ಊರಿನ ಅಪ್ಪ-ಅಮ್ಮನಿಗೆಂದು ವಿದೇಶಿ ಕಾರ್ಡಿನಲ್ಲಿ ಕಾದಿರಿಸಿದರೆ ಅದೇ ಸೀಟಿಗೆ ಕಡಿತ ಜಾಸ್ತಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಕಟ್ಟಿದರೆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿಯೂ ಇದೆ: ಶುಲ್ಕ 10 ರೂಪಾಯಿಯಾದರೆ ಕೈಗೆ ಸಿಗುವುದು 488.20.

ದಿನಾಂಕವೂ ದಾರಿ ತಪ್ಪಿಸುತ್ತದೆ. ಶನಿವಾರದ ಮಾರಾಟ ಮುಂದಿನ ವಾರ ಜಮೆಯಾಗಬಹುದು, ಹಾಗಾಗಿ ದಿನ ನೋಡಿ ಹೊಂದಿಸಬೇಡಿ. ಆಟ ರದ್ದಾಗಿ ಹಣ ಮರಳಿಸಿದರೆ, ಮೊದಲು ಕಡಿದ ಶುಲ್ಕ ಸಾಮಾನ್ಯವಾಗಿ ನಿಮಗೆ ವಾಪಸ್ ಬರುವುದಿಲ್ಲ. ಅದನ್ನು ಖರ್ಚಿನಲ್ಲೇ ತೋರಿಸಿ.